ಶಿರಸಿಯ ಅಕ್ಯುಪಂಕ್ಚರ್ ಚಿಕಿತ್ಸಾಲಯ ಮತ್ತು ಅದರ ಭಾನುವಾರದ ಉಪನ್ಯಾಸಗಳು

ಶಿರಸಿಯ ದೇವಿಕೆರೆಗೆ ಸಮೀಪದ ಕಟ್ಟಡವೊಂದರ ಮೊದಲ ಮಹಡಿಯಲ್ಲಿರುವ ಅಕ್ಯುಪಂಕ್ಚರ್ ಚಿಕಿತ್ಸಾಲಯವು ಸೂಜಿ ಚುಚ್ಚಿ, ಹಣ ಪಡೆದು, ಮುಂದಿನ ವಾರ ಬನ್ನಿ ಎಂದು ಕಳುಹಿಸುವಷ್ಟಕ್ಕೇ ನಿಲ್ಲುವುದಿಲ್ಲ. ಆ ಸೂಜಿಯ ಹಿಂದೆ ಯಾವ ವಿಚಾರವಿದೆ ಎಂಬುದನ್ನು ಕನ್ನಡದಲ್ಲಿ ತಿಳಿಸುವ ಹೊಣೆಯನ್ನೂ ಅದು ಹೊತ್ತುಕೊಂಡಿದೆ. ರೋಗಿಗಳಿಗೂ ಅವರ ಮನೆಯವರಿಗೂ ಭಾನುವಾರ ಬೆಳಿಗ್ಗೆ ಶುಲ್ಕವಿಲ್ಲದ ಉಪನ್ಯಾಸ ನಡೆಯುತ್ತದೆ. ಅದರ ಜೊತೆಗೆ ಚೀನೀ ವೈದ್ಯಕ್ಕೆ ತಳಹದಿಯಾದ ದಾವ್ (ಜಗತ್ತು ನಡೆಯುವ ಮಾರ್ಗ) ತತ್ತ್ವವನ್ನು ಪರಿಚಯಿಸುವ ಕನ್ನಡ ಪುಸ್ತಿಕೆಯೊಂದನ್ನು ಕೈಗಿಡುತ್ತಾರೆ. ಸೂಜಿ ಚಿಕಿತ್ಸೆ ಹುಬ್ಬಳ್ಳಿಯಲ್ಲಿಯೂ ಮಂಗಳೂರಿನಲ್ಲಿಯೂ ದೊರೆಯುತ್ತದೆ. ವಿವರಣೆ ದೊರೆಯುವುದು ಅಪರೂಪ. ಆದ್ದರಿಂದ ಈ ವಿಮರ್ಶೆಯಲ್ಲಿ ಚಿಕಿತ್ಸೆಗಿಂತ ಉಪನ್ಯಾಸ ಮತ್ತು ಪುಸ್ತಿಕೆಗಳಿಗೆ ಹೆಚ್ಚು ಜಾಗ ಕೊಟ್ಟಿದ್ದೇನೆ.

ಚಿಕಿತ್ಸೆಯ ವ್ಯವಸ್ಥೆಯಲ್ಲಿ ದೂರುವಂಥದ್ದು ಕಡಿಮೆ. ಚಿಕಿತ್ಸಕರು ಪ್ರಕೃತಿ ಚಿಕಿತ್ಸೆ ಮತ್ತು ಯೋಗ ವಿಜ್ಞಾನದಲ್ಲಿ ಪದವಿ ಪಡೆದವರು. ಸೂಜಿಗಳು ಒಮ್ಮೆ ಮಾತ್ರ ಬಳಸುವಂಥವು. ಪೊಟ್ಟಣವನ್ನು ರೋಗಿಯ ಎದುರಿನಲ್ಲಿಯೇ ಒಡೆಯುತ್ತಾರೆ, ತೆಗೆದ ಸೂಜಿಗಳನ್ನು ಎಣಿಸಿ ಮುಚ್ಚಳವಿರುವ ಡಬ್ಬಿಗೆ ಹಾಕುತ್ತಾರೆ. ಹಾಸಿಗೆಗಳ ನಡುವೆ ಪರದೆ ಇದೆ. ಆದರೆ ಮಾಕ್ಸಾ ಹೊಗೆಗೆ ಸರಿಯಾದ ದಾರಿಯಿಲ್ಲ. ಒಣಗಿಸಿ ಅರೆದ ಮಾಚಿಪತ್ರೆಯ ಜಾತಿಯ ಎಲೆಯನ್ನು ಚರ್ಮದ ಹತ್ತಿರ ಉರಿಸಿ ಶಾಖ ಕೊಡುವ ಈ ವಿಧಾನ ಹಿತವಾಗಿಯೇ ಇದ್ದರೂ, ಕಿಟಕಿ ಮುಚ್ಚಿದ ಮಳೆಗಾಲದ ಮಧ್ಯಾಹ್ನದಲ್ಲಿ ಉಬ್ಬಸವಿರುವವರು ಆ ಕೋಣೆಯಲ್ಲಿ ಕುಳಿತಿರುವುದು ಕಷ್ಟ. ಒಂದು ಎಕ್ಸಾಸ್ಟ್ ಫ್ಯಾನ್ ಹಾಕಿಸಿದರೆ ಈ ದೂರು ಮುಗಿಯುತ್ತದೆ.

ಮೊದಲ ಭೇಟಿಯಲ್ಲಿ ನಾಡಿ ಮತ್ತು ನಾಲಿಗೆಯ ಪರೀಕ್ಷೆಗೆ ಸಾಕಷ್ಟು ಸಮಯ ತೆಗೆದುಕೊಳ್ಳುತ್ತಾರೆ. ಮಣಿಕಟ್ಟಿನಲ್ಲಿ ಮೂರು ಬೆರಳುಗಳನ್ನಿಟ್ಟು ನಾಡಿ ನೋಡುವುದು ನಮ್ಮ ಆಯುರ್ವೇದ ಪಂಡಿತರಿಂದಲೂ ನಮಗೆ ಪರಿಚಿತ. ಇಲ್ಲಿ ಬೆರಳುಗಳು ವಾತ, ಪಿತ್ತ, ಕಫಗಳನ್ನು ಹುಡುಕುವುದಿಲ್ಲ. ಎಡಗೈಯ ಮೂರು ಸ್ಥಾನಗಳಲ್ಲಿ ಹೃದಯ, ಯಕೃತ್ತು, ಮೂತ್ರಪಿಂಡಗಳನ್ನೂ ಬಲಗೈಯಲ್ಲಿ ಶ್ವಾಸಕೋಶ, ಗುಲ್ಮ (ಸ್ಪ್ಲೀನ್) ಮತ್ತು ಮತ್ತೆ ಮೂತ್ರಪಿಂಡದ ಇನ್ನೊಂದು ಮುಖವನ್ನೂ ಮೇಲೆ ಮತ್ತು ಆಳದಲ್ಲಿ ಒತ್ತಿ ಓದುತ್ತವೆ. ಈ ಅಂಗಗಳ ಹೆಸರುಗಳು ಶರೀರಶಾಸ್ತ್ರದ ಅಂಗಗಳಿಗಿಂತ ಹೆಚ್ಚಾಗಿ ಕೆಲಸಗಳ ಗುಂಪುಗಳನ್ನು ಸೂಚಿಸುತ್ತವೆ ಎಂಬುದನ್ನು ಚಿಕಿತ್ಸಕರು ಆರಂಭದಲ್ಲಿಯೇ ಹೇಳಿಬಿಡುವುದರಿಂದ, ಮೂತ್ರಪಿಂಡ ದುರ್ಬಲವಾಗಿದೆ ಎಂಬ ಮಾತು ಕೇಳಿದ ರೋಗಿ ಹೆದರಿ ರಕ್ತಪರೀಕ್ಷೆಗೆ ಓಡುವ ಪ್ರಸಂಗ ಬರುವುದಿಲ್ಲ. ಇಷ್ಟು ಎಚ್ಚರವನ್ನು ಎಲ್ಲ ಚಿಕಿತ್ಸಾಲಯಗಳೂ ವಹಿಸುವುದಿಲ್ಲ.

ಉಪನ್ಯಾಸಮಾಲೆ ದಾವ್ ಎಂಬ ಕಲ್ಪನೆಯಿಂದ ಆರಂಭವಾಗುತ್ತದೆ. ಪ್ರಾಚೀನ ಚೀನೀ ಚಿಂತಕ ಲಾವೋ ತ್ಸು ಹೆಸರಿನಲ್ಲಿ ಬಂದಿರುವ 81 ಅಧ್ಯಾಯಗಳ ದಾವ್ ದ ಜಿಂಗ್ ಗ್ರಂಥದ 42ನೆಯ ಅಧ್ಯಾಯವು ದಾವ್‌ನಿಂದ ಒಂದು, ಒಂದರಿಂದ ಎರಡು, ಎರಡರಿಂದ ಮೂರು, ಮೂರರಿಂದ ಸಕಲ ವಸ್ತುಗಳು ಹುಟ್ಟುವ ಕ್ರಮವನ್ನು ಹೇಳುತ್ತದೆ. ಸಕಲ ವಸ್ತುಗಳೂ ನೆರಳು, ತಂಪಿನ ಯಿನ್ ಅನ್ನು ಬೆನ್ನಿಗೆ ಹೊತ್ತು, ಬೆಳಕು, ಬಿಸಿಯ ಯಾಂಗ್ ಅನ್ನು ಎದೆಗಪ್ಪಿ, ಚಿ ಎಂಬ ಉಸಿರಿನ ಬೆರಕೆಯಿಂದ ಸಾಮರಸ್ಯ ಪಡೆಯುತ್ತವೆ ಎನ್ನುತ್ತದೆ. ದಾವ್ ಪಂಥದ ಇನ್ನೊಬ್ಬ ಚಿಂತಕ ಝುವಾಂಗ್ ತ್ಸು ಹೆಸರಿನ ಗ್ರಂಥವು ಇದನ್ನು ಇನ್ನೂ ನೇರವಾಗಿ ಹೇಳುತ್ತದೆ: ಚಿ ಕೂಡಿಬಂದರೆ ಮನುಷ್ಯನ ಹುಟ್ಟು, ಚೆದುರಿದರೆ ಸಾವು. ಆರೋಗ್ಯವೆಂದರೆ ನಾವು ಗಳಿಸಿ ಇಟ್ಟುಕೊಳ್ಳುವ ಆಸ್ತಿಯಲ್ಲ, ನಿರಂತರವಾಗಿ ನಡೆಯುತ್ತಿರಬೇಕಾದ ಹರಿವು ಎಂಬ ವೈದ್ಯಕೀಯ ನಿಲುವಿಗೆ ಮೂಲ ಇಲ್ಲಿದೆ. ದೇಹದ ಹನ್ನೆರಡು ಮುಖ್ಯ ನಾಳಗಳನ್ನು ವಿವರಿಸುವಾಗ ಚಿಕಿತ್ಸಕರು ಅಡಿಕೆ ತೋಟದ ಕಾದಿಗೆಯ (ನೀರು ಬಸಿಯುವ ಕಾಲುವೆಯ) ಹೋಲಿಕೆ ಕೊಟ್ಟರು. ಮಣ್ಣು ಕುಸಿದು ಕಾದಿಗೆ ಕಟ್ಟಿಕೊಂಡರೆ ಮೇಲ್ಭಾಗದಲ್ಲಿ ನೀರು ನಿಂತು ಬೇರು ಕೊಳೆಯುತ್ತದೆ, ಕೆಳಭಾಗದಲ್ಲಿ ಮರ ಒಣಗುತ್ತದೆ, ಎರಡಕ್ಕೂ ಕಾರಣ ಒಂದೇ ಎಂಬ ಮಾತು ಕೇಳಿ ಸಭೆಯಲ್ಲಿದ್ದ ತೋಟಿಗರು ತಲೆಯಾಡಿಸಿದರು. ಹೋಲಿಕೆ ಕೇವಲ ಅಲಂಕಾರವಾಗಿರಲಿಲ್ಲ. ಹಳೆಯ ಚೀನೀ ಗ್ರಂಥಗಳೇ ದೇಹದ ನಾಳಗಳನ್ನು ನದಿಗಳೊಂದಿಗೆ ಹೋಲಿಸಿ ವಿವರಿಸಿವೆ.

ಇಡೀ ಮಾಲೆಯಲ್ಲಿ ಅತ್ಯುತ್ತಮವಾದದ್ದು ದಾವ್ ದ ಜಿಂಗ್‌ನ 77ನೆಯ ಅಧ್ಯಾಯವನ್ನು ಚಿಕಿತ್ಸೆಯ ನಿಯಮಕ್ಕೆ ಜೋಡಿಸಿದ ಭಾಗ. ಆಕಾಶದ ಮಾರ್ಗ ಬಿಲ್ಲು ಬಗ್ಗಿಸಿದಂತೆ, ಎತ್ತರದ್ದನ್ನು ತಗ್ಗಿಸುತ್ತದೆ, ತಗ್ಗಿನದ್ದನ್ನು ಎತ್ತುತ್ತದೆ, ಹೆಚ್ಚಿರುವಲ್ಲಿಂದ ತೆಗೆದು ಕೊರತೆಯಿರುವಲ್ಲಿಗೆ ಕೊಡುತ್ತದೆ ಎಂಬುದು ಅದರ ಸಾರ. ಕೊರತೆಯನ್ನು ತುಂಬು, ಅಧಿಕವನ್ನು ಬಸಿ ಎಂಬ ಸೂಜಿ ಚಿಕಿತ್ಸೆಯ ಮೊದಲ ಪಾಠ ಇದರ ಪ್ರತಿಧ್ವನಿ. ಅದೇ ಅಧ್ಯಾಯ ಮುಂದುವರಿದು, ಮನುಷ್ಯರ ಮಾರ್ಗ ಹಾಗಲ್ಲ, ಅದು ಇಲ್ಲದವರಿಂದ ಕಿತ್ತು ಇದ್ದವರಿಗೆ ಕೊಡುತ್ತದೆ ಎನ್ನುತ್ತದೆ. ಚಿಕಿತ್ಸಕರು ಈ ಭಾಗವನ್ನೂ ಬಿಡದೆ ಓದಿದರು. ಆರೋಗ್ಯ ಶಿಬಿರಗಳಲ್ಲಿ ದಾವ್ ತತ್ತ್ವವನ್ನು ಮನಃಶಾಂತಿಯ ಗುಳಿಗೆಯಾಗಿ ಹಂಚುವವರು ಸಾಮಾನ್ಯವಾಗಿ ಇಂಥ ಸಾಲುಗಳನ್ನು ಹಾರಿಸುತ್ತಾರೆ. ಈ ಗ್ರಂಥಕ್ಕೆ ಯು.ಆರ್. ಅನಂತಮೂರ್ತಿಯವರ ಕನ್ನಡ ರೂಪ ಇರುವಾಗ, ಚಿಕಿತ್ಸಾಲಯದ ಕಪಾಟಿನಲ್ಲಿ ಇಂಗ್ಲಿಷ್ ಅನುವಾದಗಳಷ್ಟೇ ಇರುವುದು ಏಕೋ ತಿಳಿಯದು.

ಚಿಕಿತ್ಸಾ ಕೋಣೆಯ ಗೋಡೆಯಲ್ಲಿರುವ ಒಂದು ಚಿತ್ರದ ಬಗ್ಗೆ ಪ್ರತ್ಯೇಕವಾಗಿ ಬರೆಯಬೇಕು. ಬೀಜಿಂಗಿನ ಬಿಳಿ ಮೋಡದ ದೇವಾಲಯದಲ್ಲಿ 1886ರಲ್ಲಿ ಕಲ್ಲಿನ ಮೇಲೆ ಕೆತ್ತಿಸಿದ ನೈಜಿಂಗ್ ತು ಎಂಬ ಚಿತ್ರದ ಅಚ್ಚು ಅದು. ಪಕ್ಕಕ್ಕೆ ತಿರುಗಿ ಕುಳಿತ ಮನುಷ್ಯನ ದೇಹವನ್ನು ಅಲ್ಲಿ ಒಂದು ಭೂದೃಶ್ಯವಾಗಿ ಬರೆಯಲಾಗಿದೆ. ತಲೆ ಪರ್ವತಗಳ ಸಾಲು. ಬೆನ್ನುಹುರಿ ಕೆಳಗಿನಿಂದ ಮೇಲಕ್ಕೆ ಹರಿಯುವ ಹೊಳೆ. ಅದರ ಬುಡದಲ್ಲಿ ಯಿನ್ ಮತ್ತು ಯಾಂಗ್‌ಗಳ ಪ್ರತಿನಿಧಿಗಳಾಗಿ ಒಬ್ಬ ಹುಡುಗ ಮತ್ತು ಒಬ್ಬ ಹುಡುಗಿ ನೀರಿನ ಯಂತ್ರವನ್ನು ತುಳಿಯುತ್ತಿದ್ದಾರೆ. ಹೊಟ್ಟೆಯ ಭಾಗದಲ್ಲಿ ಎತ್ತು ಉಳುತ್ತಿದೆ. ಮೂತ್ರಪಿಂಡದ ಜಾಗದಲ್ಲಿ ಹೆಣ್ಣೊಬ್ಬಳು ನೂಲುತ್ತಿದ್ದಾಳೆ. ಕತ್ತರಿಸಿ ನೋಡಿದರೆ ಕಾಣುವ ದೇಹ ಇದಲ್ಲ, ಕಣ್ಣು ಮುಚ್ಚಿ ಉಸಿರಾಟವನ್ನು ಗಮನಿಸುವ ಸಾಧಕನಿಗೆ ಒಳಗಿನಿಂದ ಕಾಣುವ ದೇಹ. ನೀರು ಸ್ವಭಾವದಿಂದ ಕೆಳಗೆ ಹರಿಯುತ್ತದೆ. ಸಾಧನೆಯೆಂದರೆ ಅದನ್ನು ಹಿಂದಿರುಗಿಸಿ ಮೇಲಕ್ಕೆ ಕಳುಹಿಸುವುದು ಎಂಬ ದಾವ್ ಯೋಗದ ಮುಖ್ಯ ಪ್ರಮೇಯವೇ ಚಿತ್ರದ ವಿಷಯ. ಚಿಕಿತ್ಸಕರು ಈ ಚಿತ್ರಕ್ಕೆ ಒಂದು ಭಾನುವಾರವನ್ನು ಪೂರ್ತಿಯಾಗಿ ಮೀಸಲಿಟ್ಟಿದ್ದರು. ಷಟ್‌ಚಕ್ರಗಳ ನಕ್ಷೆಯನ್ನು ನೋಡಿ ಬಲ್ಲ ಕೆಲವರು ಕುಂಡಲಿನಿಯ ಪ್ರಶ್ನೆ ಎತ್ತಿದಾಗ, ಎರಡನ್ನೂ ಒಂದೇ ಎಂದು ಮುಗಿಸದೆ, ಇಲ್ಲಿ ಹೊಲ, ಎತ್ತು, ನೂಲು, ನೀರಾವರಿಗಳಿವೆ, ದೇಹವೆಂಬುದು ದುಡಿಯುವ ಊರು ಎಂದು ವ್ಯತ್ಯಾಸವನ್ನು ತೋರಿಸಿಕೊಟ್ಟರು.

ಝುವಾಂಗ್ ತ್ಸು ಗ್ರಂಥದ ಮೂರನೆಯ ಅಧ್ಯಾಯದಲ್ಲಿ ಬರುವ ಅಡುಗೆಯವನ ಕಥೆಯೂ ಉಪನ್ಯಾಸದಲ್ಲಿ ಬಂತು. ಎತ್ತಿನ ಮಾಂಸ ಕತ್ತರಿಸುವ ಸಾಮಾನ್ಯ ಅಡುಗೆಯವನು ತಿಂಗಳಿಗೊಂದು ಕತ್ತಿ ಬದಲಿಸುತ್ತಾನೆ, ಒಳ್ಳೆಯವನು ವರ್ಷಕ್ಕೊಂದು. ಡಿಂಗ್ ಎಂಬವನ ಕತ್ತಿ 19 ವರ್ಷ ಕಳೆದರೂ ಹೊಸದರಂತೆಯೇ ಇದೆ, ಏಕೆಂದರೆ ಅವನು ಎಲುಬನ್ನು ಕಡಿಯುವುದಿಲ್ಲ, ಕೀಲುಗಳ ನಡುವಿನ ತೆರಪನ್ನು ಹುಡುಕಿ ಅಲ್ಲಿ ಹಾಯಿಸುತ್ತಾನೆ. ಆ ಅಧ್ಯಾಯದ ವಿಷಯವೇ ಜೀವವನ್ನು ಪೋಷಿಸುವುದು. ಕಥೆ ಕೇಳಿದ ರಾಜ, ಜೀವಪೋಷಣೆಯನ್ನು ಇವನಿಂದ ಕಲಿತೆ ಎನ್ನುತ್ತಾನೆ. ಬಲ ಪ್ರಯೋಗಿಸದೆ ಮಾಡುವ ಕೆಲಸ ಎಂಬ ವೂ ವೇ ಕಲ್ಪನೆಯನ್ನು ಇದಕ್ಕಿಂತ ಚೆನ್ನಾಗಿ ವಿವರಿಸುವುದು ಕಷ್ಟ. ಚಿಕಿತ್ಸಾಲಯದ ನಡವಳಿಕೆಯಲ್ಲಿಯೂ ಇದರ ಛಾಯೆ ಇದೆ. ಕಡಿಮೆ ಸೂಜಿಗಳನ್ನು ಬಳಸುತ್ತಾರೆ. ಪ್ರಯೋಜನ ಕಾಣದಿದ್ದರೆ ಚಿಕಿತ್ಸೆ ನಿಲ್ಲಿಸಿ ಮೂಳೆತಜ್ಞರ ಬಳಿಗೆ ಕಳುಹಿಸುತ್ತಾರೆ. ಹತ್ತು ಬಾರಿಯ ಪ್ಯಾಕೇಜು ಎಂದು ಮುಂಗಡ ಕಟ್ಟಿಸಿಕೊಳ್ಳುವ ಪದ್ಧತಿ ಇಲ್ಲಿಲ್ಲ.

ಪುಸ್ತಿಕೆಯ ವಿಷಯಕ್ಕೆ ಬಂದರೆ ನನ್ನ ಮೆಚ್ಚುಗೆ ಕಡಿಮೆಯಾಗುತ್ತದೆ. ಚೀನೀ ವೈದ್ಯ ಐದು ಸಾವಿರ ವರ್ಷ ಹಳೆಯದು, ಅದು ಪೂರ್ತಿಯಾಗಿ ದಾವ್ ಪಂಥದ ಕೊಡುಗೆ ಎಂದು ಅದರ ಮೊದಲ ಪುಟವೇ ಘೋಷಿಸುತ್ತದೆ. ಎರಡೂ ಮಾತುಗಳು ನಿಲ್ಲುವುದಿಲ್ಲ. ಈ ವೈದ್ಯದ ಮೂಲಪುರುಷನೆಂದು ಹೇಳುವ ಹಳದಿ ಚಕ್ರವರ್ತಿ ಹುವಾಂಗ್‌ದಿ ಪುರಾಣಪುರುಷ. ಅವನಿಗೂ ಚಿ ಬೋ ಎಂಬ ವೈದ್ಯನಿಗೂ ನಡೆದ ಸಂವಾದದ ರೂಪದಲ್ಲಿರುವ ಹುವಾಂಗ್‌ದಿ ನೈಜಿಂಗ್ ಗ್ರಂಥ ಕ್ರಿಸ್ತಪೂರ್ವ ಎರಡು ಮತ್ತು ಒಂದನೆಯ ಶತಮಾನಗಳ ಸುಮಾರಿಗೆ ರೂಪುಗೊಂಡದ್ದು. ಸುವೆನ್, ಲಿಂಗ್‌ಶು ಎಂಬ ಅದರ ಎರಡು ಭಾಗಗಳಲ್ಲಿ ತಲಾ 81 ಅಧ್ಯಾಯಗಳಿವೆ. ನಾವು ಇಂದು ಓದುವ ಸುವೆನ್‌ನ ಪಾಠ ಕ್ರಿ.ಶ. 762ರಲ್ಲಿ ವಾಂಗ್ ಬಿಂಗ್ ಎಂಬ ದಾವ್ ಒಲವಿನ ವಿದ್ವಾಂಸ ಪರಿಷ್ಕರಿಸಿದ್ದು. ಗ್ರಂಥದ ಮೊದಲ ಅಧ್ಯಾಯ ಖಂಡಿತವಾಗಿ ದಾವ್ ಧ್ವನಿಯದು: ಹಿಂದಿನವರು ದಾವ್ ಅರಿತು, ಯಿನ್ ಮತ್ತು ಯಾಂಗ್‌ಗಳಿಗೆ ಹೊಂದಿಕೊಂಡು, ಊಟ ನಿದ್ದೆಗಳಲ್ಲಿ ಮಿತಿಯಿಟ್ಟು ನೂರು ವರ್ಷ ಬಾಳಿದರು, ಈಗಿನವರು ಮದ್ಯವನ್ನು ನೀರಿನಂತೆ ಕುಡಿದು ಐವತ್ತಕ್ಕೇ ಕುಗ್ಗುತ್ತಾರೆ ಎಂದು ಅದು ಹೇಳುತ್ತದೆ. ಆದರೆ ಎಂಟನೆಯ ಅಧ್ಯಾಯಕ್ಕೆ ಬಂದರೆ ದೇಹ ಒಂದು ಸಾಮ್ರಾಜ್ಯವಾಗುತ್ತದೆ. ಹೃದಯ ಅರಸ, ಶ್ವಾಸಕೋಶ ಮಂತ್ರಿ, ಯಕೃತ್ತು ಯೋಜನೆ ಹೂಡುವ ಸೇನಾಪತಿ, ಗುಲ್ಮ ಮತ್ತು ಜಠರಗಳು ಕಣಜದ ಅಧಿಕಾರಿಗಳು. ಇದು ಹಾನ್ ರಾಜವಂಶದ ಆಡಳಿತದ ಭಾಷೆ. ಆಡಳಿತವೇ ಬೇಡ ಎಂದು ನಗುತ್ತಿದ್ದ ಝುವಾಂಗ್ ತ್ಸುವಿನದಲ್ಲ. ಮರ, ಬೆಂಕಿ, ಮಣ್ಣು, ಲೋಹ, ನೀರು ಎಂಬ ಪಂಚ ಹಂತಗಳ ಸಿದ್ಧಾಂತವನ್ನು ರಾಜಕೀಯಕ್ಕೂ ಇತಿಹಾಸಕ್ಕೂ ಅನ್ವಯಿಸಿ ಹೆಸರಾದವನು ಕ್ರಿಸ್ತಪೂರ್ವ ಮೂರನೆಯ ಶತಮಾನದ ತ್ಸೌ ಯಾನ್. ಅವನನ್ನು ಯಿನ್ ಯಾಂಗ್ ಪಂಥದವನೆಂದು ಪ್ರತ್ಯೇಕವಾಗಿ ಗುರುತಿಸುತ್ತಾರೆ. ದಾವ್, ಯಿನ್ ಯಾಂಗ್ ಮತ್ತು ಕನ್ಫ್ಯೂಷಿಯಸ್ ಪಂಥಗಳ ಎಳೆಗಳು ಹಾನ್ ಕಾಲದಲ್ಲಿ ಒಟ್ಟಿಗೆ ಹೆಣೆದುಕೊಂಡು ಈ ವೈದ್ಯವಾಯಿತು ಎಂದು ಬರೆದಿದ್ದರೆ ಪುಸ್ತಿಕೆಯ ಮರ್ಯಾದೆ ಹೆಚ್ಚುತ್ತಿತ್ತು.

ಈ ಹೆಣಿಗೆಗೆ ಅತ್ಯುತ್ತಮ ಸಾಕ್ಷಿ ಮಾವಾಂಗ್‌ದೂಯಿ ಸಮಾಧಿ. ಪುಸ್ತಿಕೆಯಲ್ಲಿ ಅದರ ಉಲ್ಲೇಖವೇ ಇಲ್ಲ. ಚಾಂಗ್‌ಶಾ ನಗರದ ಬಳಿ 1973ರಲ್ಲಿ ಉತ್ಖನನಗೊಂಡ ಮೂರನೆಯ ಸಮಾಧಿಯನ್ನು ಮುಚ್ಚಿದ್ದು ಕ್ರಿ.ಪೂ. 168ರಲ್ಲಿ. ಅದರೊಳಗೆ ಲಾವೋ ತ್ಸುವಿನ ರೇಷ್ಮೆ ಪ್ರತಿಗಳೂ ವೈದ್ಯಕೀಯ ಬರಹಗಳೂ ಒಟ್ಟಿಗೇ ದೊರೆತವು. ಅಂಗಸಾಧನೆಯ ಭಂಗಿಗಳಲ್ಲಿ ನಿಂತ 44 ಮನುಷ್ಯರ ಬಣ್ಣದ ಚಿತ್ರವೂ ಅಲ್ಲಿತ್ತು. ನಾಳಗಳನ್ನು ಕುರಿತ ಬರಹಗಳಲ್ಲಿ ಹನ್ನೊಂದು ನಾಳಗಳು ಮಾತ್ರ ಇವೆ, ಹನ್ನೆರಡಲ್ಲ. ಚಿಕಿತ್ಸೆಯಾಗಿ ಸುಡುವಿಕೆ ಇದೆ, ಸೂಜಿ ಇಲ್ಲ. ಅಂದರೆ ತತ್ತ್ವದ ನಕ್ಷೆ ಒಮ್ಮೆಗೇ ಇಳಿದುಬಂದದ್ದಲ್ಲ, ತಲೆಮಾರುಗಳು ಅದನ್ನು ತಿದ್ದಿವೆ. ತಿದ್ದುವುದು ಇಪ್ಪತ್ತನೆಯ ಶತಮಾನದಲ್ಲಿಯೂ ನಿಲ್ಲಲಿಲ್ಲ. ಚೀನಾ ಸರ್ಕಾರ 1956ರಲ್ಲಿ ಬೀಜಿಂಗ್, ಶಾಂಘೈ, ಗುವಾಂಗ್‌ಝೌ ಮತ್ತು ಚೆಂಗ್‌ದು ನಗರಗಳಲ್ಲಿ ಚೀನೀ ವೈದ್ಯದ ಕಾಲೇಜುಗಳನ್ನು ತೆರೆದು ಏಕರೂಪದ ಪಠ್ಯಕ್ರಮ ರೂಪಿಸಿದಾಗ, ಮಂತ್ರ, ತಾಯಿತ, ದೇವತೆಗಳ ದಾವ್ ಅಂಶಗಳನ್ನು ಹೊರಗಿಟ್ಟು ಯಿನ್ ಯಾಂಗ್‌ಗಳನ್ನು ಭೌತವಾದಕ್ಕೆ ಹತ್ತಿರವಾಗಿ ವಿವರಿಸಿತು. ಇಂದು ಜಗತ್ತಿನಾದ್ಯಂತ ಸಾಂಪ್ರದಾಯಿಕ ಚೀನೀ ವೈದ್ಯ ಎಂದು ಕಲಿಸುವುದು ಹೆಚ್ಚಾಗಿ ಈ ಪಠ್ಯವನ್ನೇ.

ಈ ವೈದ್ಯ ಭಾರತಕ್ಕೆ ಬಂದ ದಾರಿಯನ್ನು ವಿವರಿಸುವ ಪುಸ್ತಿಕೆಯ ಪುಟ ಮಾತ್ರ ಚೆನ್ನಾಗಿದೆ. 1938ರಲ್ಲಿ ಚೀನಾಕ್ಕೆ ಹೋದ ಭಾರತೀಯ ವೈದ್ಯಕೀಯ ತಂಡದ ಸೊಲ್ಲಾಪುರದ ದ್ವಾರಕಾನಾಥ ಕೋಟ್ನೀಸ್ 1942ರಲ್ಲಿ ಅಲ್ಲಿಯೇ ತೀರಿಕೊಂಡರು. ಅದೇ ತಂಡದ ಬಿಜಯ ಕುಮಾರ ಬಸು ಮುಂದೆ ಚೀನಾದಲ್ಲಿ ಅಕ್ಯುಪಂಕ್ಚರ್ ಕಲಿತು ಬಂದು ಕಲ್ಕತ್ತೆಯಲ್ಲಿ ಬಳಸತೊಡಗಿದರು.

ದಾವ್ ಪಂಥಕ್ಕೆ ಸಲ್ಲಬೇಕಾದ ನಿಜವಾದ ಶ್ರೇಯ ಯಾವುದೆಂದರೆ, ಆ ಪಂಥದ ಸಾಧಕರಾಗಿದ್ದು ವೈದ್ಯಗ್ರಂಥಗಳನ್ನು ಬರೆದವರ ಕೆಲಸ. ನಾಲ್ಕನೆಯ ಶತಮಾನದ ಗೆ ಹಾಂಗ್ ಅಮರತ್ವದ ರಸವಿದ್ಯೆಯಲ್ಲಿ ತೊಡಗಿದ್ದವನು. ತುರ್ತಿಗೆ ಕೈಗೆಟಕುವ ಮದ್ದುಗಳ ಕೈಪಿಡಿಯನ್ನೂ ಬರೆದ. ಮರುಕಳಿಸುವ ಚಳಿಜ್ವರಕ್ಕೆ ಚಿಂಗ್‌ಹಾವ್ ಗಿಡವನ್ನು ಒಂದು ಹಿಡಿ ತೆಗೆದುಕೊಂಡು, ನೀರಿನಲ್ಲಿ ನೆನೆಸಿ, ಹಿಂಡಿ ರಸ ಕುಡಿಯಬೇಕೆಂದು ಅದರಲ್ಲಿದೆ. ಕುದಿಸಬೇಕೆಂದು ಹೇಳದ ಈ ಸಾಲಿನಿಂದ ಸುಳಿವು ಪಡೆದ ಚೀನೀ ವಿಜ್ಞಾನಿ ತು ಯೂಯೂ ಕಡಿಮೆ ಉಷ್ಣಾಂಶದಲ್ಲಿ ಸಾರ ತೆಗೆಯುವ ಕ್ರಮಕ್ಕೆ ಬದಲಿಸಿದರು, ಮಲೇರಿಯಾಕ್ಕೆ ಆರ್ಟೆಮಿಸಿನಿನ್ ದೊರೆಯಿತು, 2015ರಲ್ಲಿ ನೊಬೆಲ್ ಬಂತು. ಮಾವ್‌ಶಾನ್ ಪರ್ವತದಲ್ಲಿ ನೆಲೆಸಿದ್ದ ತಾವ್ ಹಾಂಗ್‌ಜಿಂಗ್ (456–536), 365 ಮದ್ದುಗಳ ಹಳೆಯ ನಿಘಂಟನ್ನು 730ಕ್ಕೆ ವಿಸ್ತರಿಸಿದ. ಆ ಹಳೆಯ ನಿಘಂಟಿನ ವರ್ಗೀಕರಣವೇ ದಾವ್ ಮನಸ್ಸಿನದು: ಜೀವವನ್ನು ಪೋಷಿಸುವ ಮದ್ದುಗಳು ಮೇಲಿನ ವರ್ಗ, ರೋಗವನ್ನು ಹೊಡೆಯುವ ಕಟುವಾದವು ಕೆಳಗಿನ ವರ್ಗ. ಆದರೆ ಆ ಮೇಲಿನ ವರ್ಗದಲ್ಲಿ ಪಾದರಸದ ಅದಿರಾದ ಇಂಗಳೀಕವೂ ಸೇರಿತ್ತು. ಅಮರತ್ವದ ಗುಳಿಗೆಗಳು ತಾಂಗ್ ರಾಜವಂಶದ ಒಬ್ಬರಿಗಿಂತ ಹೆಚ್ಚು ಚಕ್ರವರ್ತಿಗಳ ಪ್ರಾಣ ತೆಗೆದವು. ಪುಸ್ತಿಕೆ ನೊಬೆಲ್ ಅನ್ನು ಬಣ್ಣದ ಚೌಕಟ್ಟಿನಲ್ಲಿ ಹಾಕಿದೆ, ಪಾದರಸದ ಬಗ್ಗೆ ಒಂದಕ್ಷರವನ್ನೂ ಬರೆದಿಲ್ಲ.

ಪಂಚ ಹಂತಗಳನ್ನು ನಮ್ಮ ಪಂಚಮಹಾಭೂತಗಳ ಎದುರು ಕೋಷ್ಟಕ ಮಾಡಿ ಹೊಂದಿಸಿರುವುದು ಇನ್ನೊಂದು ದೋಷ. ಓದುಗರಿಗೆ ಸುಲಭವಾಗಲಿ ಎಂಬ ಉದ್ದೇಶ ಅರ್ಥವಾಗುತ್ತದೆ. ಫಲ ಮಾತ್ರ ಗೊಂದಲ. ಚೀನೀ ಪಟ್ಟಿಯಲ್ಲಿ ಮರ, ಬೆಂಕಿ, ಮಣ್ಣು, ಲೋಹ, ನೀರು ಇವೆ; ವಾಯುವೂ ಆಕಾಶವೂ ಇಲ್ಲ. ಲೋಹದ ಎದುರು ಆಕಾಶವನ್ನು ಬರೆದು ಕೋಷ್ಟಕ ತುಂಬಿಸಿದ್ದಾರೆ. ಹೆಸರುಗಳ ಹೊಂದಾಣಿಕೆಗಿಂತ ದೊಡ್ಡ ಸಮಸ್ಯೆ ಎರಡೂ ಸಿದ್ಧಾಂತಗಳು ಉತ್ತರಿಸುವ ಪ್ರಶ್ನೆಯೇ ಬೇರೆಯಾಗಿರುವುದು. ವಸ್ತು ಯಾವುದರಿಂದ ಆಗಿದೆ ಎಂಬುದಕ್ಕೆ ಮಹಾಭೂತಗಳು ಉತ್ತರ. ಬದಲಾವಣೆ ಯಾವ ಸರದಿಯಲ್ಲಿ ನಡೆಯುತ್ತದೆ ಎಂಬುದಕ್ಕೆ ಚೀನೀ ಹಂತಗಳು ಉತ್ತರ. ಮರ ಬೆಂಕಿಯನ್ನು ಹುಟ್ಟಿಸುತ್ತದೆ, ಬೆಂಕಿ ಬೂದಿಯಾಗಿ ಮಣ್ಣನ್ನು, ಮಣ್ಣು ಲೋಹವನ್ನು, ಲೋಹ ನೀರನ್ನು, ನೀರು ಮತ್ತೆ ಮರವನ್ನು. ಇದರ ಜೊತೆಗೆ ಹತೋಟಿಯ ಇನ್ನೊಂದು ಚಕ್ರವಿದೆ: ಮರ ಮಣ್ಣನ್ನು ಹಿಡಿತದಲ್ಲಿಡುತ್ತದೆ, ಮಣ್ಣು ನೀರನ್ನು, ನೀರು ಬೆಂಕಿಯನ್ನು, ಬೆಂಕಿ ಲೋಹವನ್ನು, ಲೋಹ ಮರವನ್ನು. ಚಿಕಿತ್ಸೆಯಲ್ಲಿ ಕೆಲಸಕ್ಕೆ ಬರುವುದು ಈ ಚಕ್ರಗಳೇ. ಸಿಟ್ಟು ನುಂಗಿಕೊಂಡವರಿಗೆ ಊಟ ಸೇರದಿರುವುದನ್ನು, ಮರದ ಹಂತದ ಯಕೃತ್ತು ಮಣ್ಣಿನ ಹಂತದ ಗುಲ್ಮವನ್ನು ಮಿತಿಮೀರಿ ಒತ್ತುತ್ತಿದೆ ಎಂದು ಓದುತ್ತಾರೆ, ಆ ಪ್ರಕಾರ ಸೂಜಿಯ ಜಾಗ ಆರಿಸುತ್ತಾರೆ. ಚಿಕಿತ್ಸಕರು ಮಾತಿನಲ್ಲಿ ಇದನ್ನು ಸೊಗಸಾಗಿ ವಿವರಿಸುತ್ತಾರೆ. ಹಾಗಿದ್ದೂ ಕೋಷ್ಟಕವನ್ನು ಅಚ್ಚು ಹಾಕಿಸಿದ್ದು ಆಶ್ಚರ್ಯ.

ಈಗ ನನ್ನ ಮುಖ್ಯ ಆಕ್ಷೇಪಕ್ಕೆ ಬರುತ್ತೇನೆ. ಋತುವನ್ನು ಅನುಸರಿಸುವುದು ಈ ವೈದ್ಯದ ದಾವ್ ತಳಹದಿಯ ಹೃದಯಭಾಗ. ಸುವೆನ್‌ನ ಎರಡನೆಯ ಅಧ್ಯಾಯ ನಾಲ್ಕು ಋತುಗಳ ದಿನಚರಿ ಕೊಡುತ್ತದೆ: ವಸಂತದಲ್ಲಿ ಬೇಗ ಎದ್ದು ಕೂದಲು ಬಿಚ್ಚಿ ಅಂಗಳದಲ್ಲಿ ಅಡ್ಡಾಡಬೇಕು, ಬೇಸಿಗೆಯಲ್ಲಿ ಬಿಸಿಲಿಗೆ ಬೇಸರಿಸಬಾರದು, ಶರತ್ಕಾಲದಲ್ಲಿ ಬೇಗ ಮಲಗಿ ಕೋಳಿಯೊಂದಿಗೆ ಏಳಬೇಕು, ಚಳಿಗಾಲದಲ್ಲಿ ಬೇಗ ಮಲಗಿ, ಸೂರ್ಯನ ಬೆಳಕು ಬರುವ ತನಕ ಕಾದು, ತಡವಾಗಿ ಏಳಬೇಕು, ಏಕೆಂದರೆ ಅದು ಮುಚ್ಚಿಟ್ಟು ಕೂಡಿಡುವ ಕಾಲ. ರೋಗ ಬಂದ ಮೇಲೆ ಮದ್ದು ಮಾಡುವುದು ಬಾಯಾರಿದ ಮೇಲೆ ಬಾವಿ ತೋಡಿದ ಹಾಗೆ ಎಂಬ ಪ್ರಸಿದ್ಧ ಮಾತು ಬರುವುದೂ ಇದೇ ಅಧ್ಯಾಯದ ಕೊನೆಯಲ್ಲಿ. ಪುಸ್ತಿಕೆ ಈ ದಿನಚರಿಯನ್ನು ಹಾಗೆಯೇ ಕನ್ನಡಕ್ಕೆ ಇಳಿಸಿ, ಇದರಂತೆ ನಡೆದುಕೊಳ್ಳಿ ಎಂದು ರೋಗಿಗಳಿಗೆ ಸೂಚಿಸುತ್ತದೆ. ಉಪನ್ಯಾಸದಲ್ಲಿ ಹಿರಿಯ ತೋಟಿಗರೊಬ್ಬರು, “ಮೇಡಂ, ಚಳಿಗಾಲದಲ್ಲಿ ಬಿಸಿಲೇರುವ ತನಕ ಮಲಗಿದ್ದರೆ ನಮ್ಮ ಅಡಿಕೆ ಕೊನೆ ಕೊಯ್ಯುವವರು ಯಾರು?” ಎಂದು ಕೇಳಿದರು. “ಆದಷ್ಟು ಮಾಡಿ ಹೆಗಡೇರೇ, ರಾತ್ರಿಯಾದರೂ ಬೇಗ ಮಲಗಿ” ಎಂದು ಚಿಕಿತ್ಸಕರು ನಕ್ಕು ಮುಂದಿನ ವಿಷಯಕ್ಕೆ ಹೋದರು. ಅಲ್ಲಿ ನಿಲ್ಲಬೇಕಾಗಿತ್ತು.

ಆ ಪ್ರಶ್ನೆಯಲ್ಲಿ ತಮಾಷೆಗಿಂತ ಹೆಚ್ಚಿನದಿತ್ತು. ಸುವೆನ್‌ನ ಪಂಚಾಂಗ ಉತ್ತರ ಚೀನಾದ ಬಯಲಿನದು. ಅಲ್ಲಿ ಚಳಿಗಾಲದಲ್ಲಿ ನೆಲ ಹೆಪ್ಪುಗಟ್ಟುತ್ತದೆ, ಬೇಸಾಯ ನಿಲ್ಲುತ್ತದೆ, ಮನುಷ್ಯನೂ ಬೀಜದಂತೆ ಒಳಗೆ ಉಳಿಯುತ್ತಾನೆ. ಶಿರಸಿ, ಸಿದ್ದಾಪುರ, ಯಲ್ಲಾಪುರಗಳಲ್ಲಿ ಚಳಿಯ ತಿಂಗಳುಗಳೇ ಅಡಿಕೆ ಕೊಯ್ಲು, ಸುಲಿತ, ಬೇಯಿಸುವುದು, ಒಣಗಿಸುವುದು ಎಲ್ಲ ಒಟ್ಟಿಗೆ ಬರುವ ಕಾಲ. ವರ್ಷದ ಅತಿ ಹೆಚ್ಚು ದುಡಿಮೆ ಆಗಲೇ. ನಮ್ಮ ಜಿಲ್ಲೆಯಲ್ಲಿ ಮುಚ್ಚಿಟ್ಟು ಕೂಡಿಡುವ ಕಾಲ ಯಾವುದು ಎಂದು ಕೇಳಿದರೆ ಉತ್ತರ ಮಳೆಗಾಲ. ಕಾರವಾರ, ಅಂಕೋಲಾ, ಹೊನ್ನಾವರ, ಭಟ್ಕಳಗಳ ಯಾಂತ್ರೀಕೃತ ದೋಣಿಗಳು ಜೂನ್ 1ರಿಂದ ಜುಲೈ 31ರ ತನಕ 61 ದಿನ ಕಡಲಿಗಿಳಿಯುವುದಿಲ್ಲ. ಅದು ಮೀನು ಸಂತಾನವನ್ನು ಬೆಳೆಸುವ ಸಮಯ, ಬಲೆ ನೇಯುವ ಸಮಯ. ಯಕ್ಷಗಾನ ಮೇಳಗಳು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚುವುದೂ ಮಳೆಗೆ ಮುನ್ನ. ಯತಿಗಳು ಒಂದೆಡೆ ನಿಲ್ಲುವ ಚಾತುರ್ಮಾಸ್ಯವೂ ಆಗಲೇ. ತೋಟಿಗರಿಗೆ ಮಾತ್ರ ಮಳೆಯಲ್ಲಿಯೂ ಪೂರ್ತಿ ಬಿಡುವಿಲ್ಲ, ಕೊಳೆ ರೋಗಕ್ಕೆ ಬೋರ್ಡೋ ದ್ರಾವಣ ಹೊಡೆಸಬೇಕು. ಆದರೂ ಅದು ಕೊಯ್ಲಿನ ಭಾರವಲ್ಲ.

ಈ ಹೊಂದಾಣಿಕೆಗೆ ಬೇಕಾದ ಸಾಮಗ್ರಿ ಚೀನೀ ವೈದ್ಯದಲ್ಲಿಯೇ ಇದೆ ಎಂಬುದು ಇನ್ನೂ ಸ್ವಾರಸ್ಯದ ವಿಷಯ. ಬೇಸಿಗೆಗೂ ಶರತ್ಕಾಲಕ್ಕೂ ನಡುವೆ ದೀರ್ಘ ಬೇಸಿಗೆ ಎಂಬ ಐದನೆಯ ಕಾಲವೊಂದನ್ನು ಅದು ಹೇಳುತ್ತದೆ. ಅದರ ಹಂತ ಮಣ್ಣು, ಅಂಗ ಗುಲ್ಮ, ಬಾಧೆ ತೇವ. ತೇವ ಹೆಚ್ಚಿದರೆ ನಾಲಿಗೆಯ ಮೇಲೆ ದಪ್ಪ ಲೇಪ ಕಟ್ಟುತ್ತದೆ, ಮೈ ಭಾರವಾಗುತ್ತದೆ, ಕೀಲು ಹಿಡಿಯುತ್ತದೆ, ಹಸಿವೆ ಕುಗ್ಗುತ್ತದೆ ಎಂಬುದು ಅದರ ವಿವರಣೆ. ಗೋಡೆಯಲ್ಲಿ ನೀರು ಒಸರುವ, ಬಟ್ಟೆ ವಾರಗಟ್ಟಲೆ ಒಣಗದ ಘಟ್ಟದ ಮಳೆಗಾಲವನ್ನು ವರ್ಣಿಸಲು ಇದಕ್ಕಿಂತ ಸೂಕ್ತವಾದ ಅಧ್ಯಾಯ ಬೇಕಿಲ್ಲ. ಶುಂಠಿ, ಕಾಳುಮೆಣಸು, ಜೀರಿಗೆ ಹಾಕಿದ ಕಷಾಯವನ್ನು ಮಳೆಯಲ್ಲಿಯೂ, ತಂಬುಳಿ, ಅಪ್ಪೆಹುಳಿಗಳನ್ನು ಸುಡುಬೇಸಿಗೆಯಲ್ಲಿಯೂ ಉಣ್ಣುವ ಮನೆಗಳಿಗೆ ಈ ತರ್ಕ ಹೊಸದೇನಲ್ಲ. ದಾವ್ ತತ್ತ್ವವನ್ನು ನಿಷ್ಠೆಯಿಂದ ಅನುಸರಿಸುವುದೆಂದರೆ ಹಳದಿ ನದಿಯ ದಿನಚರಿಯನ್ನು ಪಾಲಿಸುವುದಲ್ಲ, ತಾನಿರುವ ನೆಲದ ದಿನಚರಿಯನ್ನು ಗಮನಿಸಿ ಬರೆಯುವುದು. ಮಳೆ, ಕೊಯ್ಲು, ಕಡಲು, ಮೇಳ ಇವನ್ನು ನೋಡಿ ಉತ್ತರ ಕನ್ನಡಕ್ಕೊಂದು ಋತುಚರ್ಯೆ ಸಿದ್ಧಪಡಿಸುವ ಸಾಮರ್ಥ್ಯ ಈ ಚಿಕಿತ್ಸಕರಿಗೆ ಇದೆ. ಮುಂದಿನ ಮುದ್ರಣದಲ್ಲಿ ಕೋಷ್ಟಕವನ್ನು ತೆಗೆದು ಆ ಜಾಗಕ್ಕೆ ಇದನ್ನು ಹಾಕಬೇಕೆಂದು ಲಿಖಿತವಾಗಿಯೇ ಕೋರಿದ್ದೇನೆ.

ಚಿಕಿತ್ಸೆಯಿಂದ ಗುಣ ಕಾಣುತ್ತದೆಯೇ ಎಂದು ಕೇಳುವವರಿಗೆ ಎರಡು ಮಾತು. ನನ್ನ ಕುತ್ತಿಗೆ ಮತ್ತು ಹೆಗಲಿನ ಹಿಡಿತ ಸಡಿಲವಾಗಿದೆ; ಅದು ಸೂಜಿಯಿಂದಲೋ, ವಾರಕ್ಕೊಮ್ಮೆ ಫೋನಿಲ್ಲದೆ ಮಲಗಿದ್ದರಿಂದಲೋ ಬೇರ್ಪಡಿಸಲು ಬರುವುದಿಲ್ಲ. ಜರ್ಮನಿಯಲ್ಲಿ 1162 ಮಂದಿ ಸೊಂಟನೋವಿನ ರೋಗಿಗಳ ಮೇಲೆ ನಡೆದು 2007ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಆರು ತಿಂಗಳ ನಂತರ ಸುಧಾರಣೆ ಕಂಡವರು ನಿಜವಾದ ಅಕ್ಯುಪಂಕ್ಚರ್ ಪಡೆದವರಲ್ಲಿ ಶೇ 47.6, ಬಿಂದುಗಳಲ್ಲದ ಕಡೆ ಆಳಕ್ಕಿಳಿಸದೆ ಚುಚ್ಚಿಸಿಕೊಂಡವರಲ್ಲಿ ಶೇ 44.2, ಸಾಮಾನ್ಯ ಚಿಕಿತ್ಸೆ ಪಡೆದವರಲ್ಲಿ ಶೇ 27.4. ಅಂದರೆ ಸೂಜಿಯಿಂದ ಸಮಾಧಾನ ದೊರೆಯುತ್ತದೆ, ನಾಳಗಳ ನಕ್ಷೆಗೆ ಮಾತ್ರ ಇದರಿಂದ ಬಲ ದೊರೆಯುವುದಿಲ್ಲ. ಇದನ್ನು ಕೇಳಿದಾಗ ಚಿಕಿತ್ಸಕರು ಸುತ್ತುಬಳಸದೆ ಒಪ್ಪಿಕೊಂಡರು, ಮಧುಮೇಹ, ಕ್ಯಾನ್ಸರುಗಳನ್ನು ವಾಸಿಮಾಡುತ್ತೇನೆಂದು ಬೋರ್ಡು ಹಾಕುವವರಿಂದ ದೂರವಿರಿ ಎಂದೂ ಸೇರಿಸಿದರು.

ಚೀನೀ ಗಿಡಮೂಲಿಕೆಗಳನ್ನು ಇಲ್ಲಿ ಮಾರುವುದಿಲ್ಲ; ಈ ನಿರ್ಧಾರ ಸರಿಯಾದದ್ದು. ಬೆಲ್ಜಿಯಂನಲ್ಲಿ 1990ರ ದಶಕದ ಆರಂಭದಲ್ಲಿ ಬೊಜ್ಜು ಕರಗಿಸುವ ಗುಳಿಗೆಗಳಲ್ಲಿ ಒಂದು ಚೀನೀ ಬೇರಿನ ಬದಲು ಅರಿಸ್ಟೊಲೋಕಿಯಾ ಜಾತಿಯ ಬೇರು ಸೇರಿ ನೂರಕ್ಕೂ ಹೆಚ್ಚು ಮಂದಿಯ ಮೂತ್ರಪಿಂಡಗಳು ಹಾಳಾದವು. ನಮ್ಮ ಕಾಡಿನ ಈಶ್ವರ ಬಳ್ಳಿಯೂ ಇದೇ ಜಾತಿಯದು. ಸಹಜವಾದದ್ದು ಅಪಾಯವಿಲ್ಲದ್ದು ಎಂಬ ನಂಬಿಕೆಗೆ ದಾವ್ ತತ್ತ್ವವನ್ನು ಆಧಾರವಾಗಿ ಎಳೆದು ತರುವ ಶ್ರೋತೃಗಳಿಗೆ ಈ ಪ್ರಸಂಗವನ್ನು ಉಪನ್ಯಾಸದಲ್ಲಿ ಹೇಳಿದರೆ ಒಳ್ಳೆಯದು.

ಒಂದು ಬಾರಿಯ ಚಿಕಿತ್ಸೆಗೆ ನಾಲ್ಕು ನೂರು ರೂಪಾಯಿ, ಮೊದಲ ಭೇಟಿಗೆ ಸ್ವಲ್ಪ ಹೆಚ್ಚು, ಪುಸ್ತಿಕೆ ಉಚಿತ. ಮೆಟ್ಟಿಲು ಕಡಿದಾಗಿದೆ, ಲಿಫ್ಟ್ ಇಲ್ಲ. ಮಂಡಿನೋವಿನವರೇ ಹೆಚ್ಚಾಗಿ ಬರುವ ಜಾಗಕ್ಕೆ ಇದು ಒಪ್ಪುವುದಿಲ್ಲ. ನಾಲ್ಕು ಹೆಜ್ಜೆ ಏರಲಾಗದವರು ಮೊದಲೇ ಫೋನ್ ಮಾಡಿದರೆ ಕೆಳಗಿನ ಕೋಣೆಯೊಂದರಲ್ಲಿ ವ್ಯವಸ್ಥೆ ಮಾಡಿಕೊಡುತ್ತಾರೆ. ರಕ್ತ ತೆಳುಗೊಳಿಸುವ ಮಾತ್ರೆ ತೆಗೆದುಕೊಳ್ಳುವವರು ಮತ್ತು ಗರ್ಭಿಣಿಯರು ಅದನ್ನು ನೋಂದಣಿಯ ಸಮಯದಲ್ಲಿಯೇ ತಿಳಿಸಬೇಕು. ಚಿಕಿತ್ಸೆ ಬೇಡ, ವಿಚಾರ ಮಾತ್ರ ಸಾಕು ಎನ್ನುವವರನ್ನೂ ಭಾನುವಾರ ಒಳಗೆ ಬಿಡುತ್ತಾರೆ. ಕುರ್ಚಿಗಳು ಕಡಿಮೆ ಇರುವುದರಿಂದ ಶನಿವಾರ ಸಂಜೆಯೊಳಗೆ ಹೆಸರು ಬರೆಸಿಡಬೇಕು.